ಭಾವನ ಕತ್ತು

ಭಾವ ಕಾರಿನ ಕೀಲಿಯಿಂದ ಕಿವಿ ಕೆರೆದುಕೊಂಡ. ಕೀಲಿಯ ತುದಿಗೆ ಬಂದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಪ್ಯಾಂಟಿಗೆ ಒರೆಸಿದ, ಆಮೇಲೆ ಆ ಕೀಲಿಯನ್ನು ನಾದಿನಿ ಆಗಷ್ಟೇ ಮಡಿಸಿಟ್ಟ ಬಿಳಿ ಟವೆಲ್ಲಿನ ಮೇಲೆ ಇಟ್ಟ. ಇಷ್ಟೂ ನಡೆದದ್ದು ಮಾತಿನ ನಡುವೆಯೇ. ಅವನದು ಡ್ರೈವಿಂಗ್ ಸ್ಕೂಲು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಾಲಡಿ ತನಗೊಂದು ಬೇರೆ ಬ್ರೇಕ್ ಇಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ಜನರನ್ನು ಬೈಯುವುದು ಅವನ ಉದ್ಯೋಗ. ಬೈಯಬೇಕಾದರೆ ಕತ್ತು ಬಲಕ್ಕೆ ತಿರುಗಬೇಕು. ಈಗ ಕೆಲವು ವಾರಗಳಿಂದ ಅದು ತಿರುಗುತ್ತಿರಲಿಲ್ಲ.

"ನೋಡು, ಇಷ್ಟೇ," ಎಂದು ತಿರುಗಿಸಿ ತೋರಿಸಿದ. ಗದ್ದ ಸ್ವಲ್ಪ ದೂರ ಹೋಗಿ ನಿಂತಿತು. ಅಲ್ಲಿಂದ ಮುಂದೆ ಕತ್ತಿನ ಬದಲು ಇಡೀ ಭುಜವೇ ಹೊರಟಿತು. "ಎಡಕ್ಕೆ ಒಂಚೂರು ವಾಸಿ. ಪಕ್ಕದ ಕನ್ನಡಿ ನೋಡೋಕೂ ಆಗ್ತಿಲ್ಲ ಕಣಮ್ಮ. ಮೊನ್ನೆ ಒಬ್ಬಳು ಸೈಕಲ್ಲಿನವನನ್ನ ಸವರಿಕೊಂಡು ಹೋದ್ಲು, ನನಗೆ ಕಾಣಿಸಲೇ ಇಲ್ಲ."

"ಶರ್ಟ್ ತೆಗೆದು ಅಂಗಾತ ಮಲಗಿ ಭಾವ," ಎಂದಳು ಅವಳು.

ಒಳಗಿನಿಂದ ಅಮ್ಮನ ದನಿ ಬಂತು. "ಅಳಿಯಂದಿರು ಬಂದ್ರಾ? ಚಹಾ ಈಗಲೇ ಕೊಡ್ಲಾ, ಆಮೇಲಾ?"

"ಆಮೇಲೆ ಅತ್ತೆ. ಮೊದಲು ನಿಮ್ಮ ಮಗಳು ನನ್ನನ್ನ ಮುರಿದು ಜೋಡಿಸಲಿ," ಎಂದು ತನ್ನ ಮಾತಿಗೆ ತಾನೇ ನಕ್ಕ ಭಾವ, ಶರ್ಟ್ ಕಳಚಿ ಮೇಜಿನ ಮೇಲೆ ಧೊಪ್ಪೆಂದು ಮಲಗಿದ. ಬನಿಯನ್ನಿನ ಕಂಕುಳು ಹಳದಿಗಟ್ಟಿತ್ತು. ಅವಳು ಅವನ ತಲೆಯ ಹಿಂದಿನ ಸ್ಟೂಲಿನ ಮೇಲೆ ಕೂತು, ಎರಡೂ ಕೈಗಳನ್ನು ಅವನ ತಲೆಯ ಕೆಳಗೆ ತೂರಿಸಿದಳು. ಕೂದಲು ಜಿಡ್ಡುಜಿಡ್ಡಾಗಿ ಬೆರಳಿಗೆ ಅಂಟಿತು. ಅಕ್ಕ ತೀರಿಹೋದ ಮೇಲೆ ಭಾವ ತಲೆಗೆ ಬಣ್ಣ ಹಚ್ಚಲು ಶುರು ಮಾಡಿದ್ದ. ಬೆವರಿಗೆ ಕರಗಿದ ಆ ಕಪ್ಪು ಅವಳ ಉಗುರಿನ ಸಂದಿಗೆ ಇಳಿಯಿತು.

ಇದಕ್ಕೆ ಅವಳೇ ಒಪ್ಪಿದ್ದಳು. ಯಾರೂ ಕೈ ಹಿಡಿದು ಎಳೆದು ತಂದಿರಲಿಲ್ಲ.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಮನೆ. ಮುಂದಿನ ಕೋಣೆಯೇ ಅವಳ ಚಿಕಿತ್ಸೆಯ ಜಾಗ. ಉದ್ದನೆಯ ಮೇಜು, ಒಂದು ಸ್ಟೂಲು, ಕಾಯುವವರಿಗೆ ಒಂದು ಕುರ್ಚಿ, ಕೈ ತೊಳೆಯಲು ಮೂಲೆಯಲ್ಲಿ ಸಿಂಕು. ಕೆಳಗೆ ಚಕ್ರದ ಬೋಲ್ಟು ಬಿಚ್ಚುವ ಯಂತ್ರ ಕಿರುಗುಟ್ಟಿದಾಗಲೆಲ್ಲ ಮಲಗಿದವರು ಬೆಚ್ಚಿಬೀಳುತ್ತಿದ್ದರು. ಟೈರ್ ಅಂಗಡಿಯವನು ಅವಳಿಗೆ 'ಹಿಸುಕೋ ಡಾಕ್ಟ್ರು' ಎಂದು ಹೆಸರಿಟ್ಟಿದ್ದ. ತಾನು ಡಾಕ್ಟರೂ ಅಲ್ಲ, ಹಿಸುಕುವುದೂ ಇಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಅವಳು ಈಗ ಆ ಹೆಸರಿಗೇ ಓಗೊಡುತ್ತಿದ್ದಳು.

ಹಿಸುಕುವುದಿಲ್ಲ ಎಂಬುದಂತೂ ನಿಜ. ಮೈಯೊಳಗಿನ ಸ್ನಾಯುಗಳನ್ನೆಲ್ಲ ತೆಳುವಾದ ಬಿಳಿ ಪೊರೆಯೊಂದು ಸುತ್ತಿಕೊಂಡಿರುತ್ತದೆ, ಕಿತ್ತಳೆಯ ತೊಳೆಗಳನ್ನು ಸುತ್ತಿಕೊಂಡ ಹಾಗೆ. ನೆತ್ತಿಯಿಂದ ಅಂಗಾಲಿನವರೆಗೂ ಅದು ಒಂದೇ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕೂತರೆ, ಪೆಟ್ಟು ಬಿದ್ದರೆ, ಹಲ್ಲು ಕಚ್ಚಿಕೊಂಡು ಬದುಕಿದರೆ ಆ ಪೊರೆ ಅಲ್ಲಲ್ಲಿ ಅಂಟಿಕೊಂಡು ಗಟ್ಟಿಯಾಗುತ್ತದೆ. ಸೊಂಟದಲ್ಲಿ ಅಂಟಿದ್ದು ಭುಜವನ್ನು ಎಳೆಯುತ್ತದೆ, ಭುಜದಲ್ಲಿ ಅಂಟಿದ್ದು ತಲೆನೋವಾಗುತ್ತದೆ. ಅದನ್ನು ಬಿಡಿಸುವ ವಿದ್ಯೆಗೆ ಮಯೋಫೇಶಿಯಲ್ ರಿಲೀಸ್ ಎನ್ನುತ್ತಾರೆ. ಬೆರಳು ಊರಿ, ಪೊರೆ ಎಲ್ಲಿ ತಡೆಯುತ್ತದೋ ಅಲ್ಲಿ ಮೆಲ್ಲಗೆ ಎಳೆದು ಹಿಡಿದು, ಅದು ತಾನಾಗಿ ಬಿಡುವ ತನಕ ಕಾಯಬೇಕು. ಅವಸರ ಮಾಡಿದರೆ ಇನ್ನಷ್ಟು ಬಿಗಿಯುತ್ತದೆ. ಎಣ್ಣೆ ಹಚ್ಚುವಂತಿಲ್ಲ. ಎಣ್ಣೆಯಾದರೆ ಕೈ ಜಾರುತ್ತದೆ, ಪೊರೆ ಹಿಡಿತಕ್ಕೆ ಸಿಗುವುದಿಲ್ಲ. ಕೈಗವಸು ಹಾಕಿದರೆ ಒಳಗೇನು ನಡೆಯುತ್ತಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ. ಬರಿಮೈಯ ಮೇಲೆ ಬರಿಗೈ ಇಟ್ಟು, ಕದಲದೆ ಕೂರಬೇಕು.

ಇದರಿಂದ ಜನಕ್ಕೆ ಉಪಕಾರವಾಗುತ್ತಿತ್ತು. ಅದರಲ್ಲಿ ಸುಳ್ಳಿಲ್ಲ. ಸೊಂಟ ಹಿಡಿದುಕೊಂಡು ಸೀಟಿನಿಂದ ಏಳಲಾರದೆ ಹೋದ ಬಸ್ ಡ್ರೈವರ್ ನೆಟ್ಟಗೆ ನಡೆಯುತ್ತಿದ್ದ. ತಲೆ ಬಾಚಲು ಕೈ ಎತ್ತಲಾಗದ ದರ್ಜಿ ಹೆಂಗಸು ಈಗ ತಾನೇ ಜಡೆ ಹಾಕಿಕೊಳ್ಳುತ್ತಿದ್ದಳು. ಉಸಿರು ಹಗುರಾಯಿತು, ರಾತ್ರಿ ನಿದ್ದೆ ಹತ್ತಿತು ಎಂದು ಹೇಳಿ ಹೋದವರು ಎಷ್ಟೋ ಮಂದಿ. ಅವಳು ಯಾರಿಗೂ ಇಲ್ಲದ ಆಸೆ ಹುಟ್ಟಿಸುತ್ತಿರಲಿಲ್ಲ. ಇದರಿಂದ ಸಕ್ಕರೆ ಕಾಯಿಲೆ ಹೋಗುತ್ತದಾ ಎಂದು ಕೇಳಿದವರಿಗೆ ಹೋಗುವುದಿಲ್ಲ ಎಂದೇ ಹೇಳಿ ಕಳಿಸುತ್ತಿದ್ದಳು.

ಆದರೆ ಒಂದು ವಿಷಯದಲ್ಲಿ ಅವಳೂ ಮರುಳಾಗಿದ್ದಳು. ವಿದ್ಯೆ ಕಲಿಸಿದ ಗುರುಗಳು ತರಗತಿಯಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದರು: ಬಾಯಿ ಮುಚ್ಚಿಟ್ಟದ್ದನ್ನು ಮೈ ಹಿಡಿದಿಟ್ಟುಕೊಂಡಿರುತ್ತದೆ, ಪೊರೆ ಬಿಟ್ಟ ಗಳಿಗೆಯಲ್ಲಿ ಅದು ಹೊರಗೆ ಬರುತ್ತದೆ. ಅವಳು ಅದನ್ನು ಕಣ್ಣಾರೆ ಕಂಡಿದ್ದಳು. ಆ ಬಸ್ ಡ್ರೈವರ್ ಸೊಂಟ ಬಿಟ್ಟ ಕ್ಷಣದಲ್ಲಿ ಮಗುವಿನಂತೆ ಅತ್ತು, ಎಂದೋ ಮಾತು ಬಿಟ್ಟ ತಮ್ಮನ ಹೆಸರು ಹೇಳಿದ್ದ. ದರ್ಜಿ ಹೆಂಗಸಂತೂ ಮೇಜಿನ ಮೇಲೆ ಬಿಕ್ಕಿ ಬಿಕ್ಕಿ, ಯಾರಿಗೂ ಹೇಳದ ಮಾತೊಂದನ್ನು ಹೇಳಿ ಹೋಗಿದ್ದಳು. ಹೀಗಾಗಿ ಎಲ್ಲರ ಮೈಯೂ ಹೀಗೇ ಎಂದು ಅವಳು ನಂಬಿದ್ದಳು. ಭಾವನ ಮೈಯೂ ಹಾಗೇ ಇರುತ್ತದೆ ಎಂದುಕೊಂಡದ್ದು ಈ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು.

ಅಕ್ಕ ಸತ್ತದ್ದು ಹೊಟ್ಟೆಯೊಳಗಿನ ಗಡ್ಡೆಯಿಂದ. ಬೆನ್ನುನೋವು ಎಂದು ಶುರುವಾದದ್ದು, ಡಾಕ್ಟರ ಕಣ್ಣಿಗೆ ಬೀಳುವ ಹೊತ್ತಿಗೆ ಮಾಡಲು ಏನೂ ಉಳಿದಿರಲಿಲ್ಲ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಆಸ್ಪತ್ರೆಯವರು ಕೇಳಿದರು. ಆಗ ಭಾವ ಕಾರಿಡಾರಿನಲ್ಲಿ ಅಮ್ಮನ ಎರಡೂ ಕೈ ಹಿಡಿದುಕೊಂಡು ಅತ್ತಿದ್ದ. "ನನಗೊಂದು ಮಾತು ಹೇಳಲಿಲ್ಲ ಅತ್ತೆ. ಒಂದೇ ಒಂದು ಮಾತು. ಹೇಳಿದ್ದರೆ ಎತ್ತಿಕೊಂಡು ಓಡ್ತಿರಲಿಲ್ವಾ?"

ಅಮ್ಮ ನಂಬಿದಳು. ಅಷ್ಟು ದೊಡ್ಡ ಗಂಡಸು ಅಳುವುದನ್ನು ಅವಳು ಅದಕ್ಕೆ ಮೊದಲು ನೋಡಿರಲಿಲ್ಲ. ಆವತ್ತಿನಿಂದ ಅಮ್ಮನ ಸಿಟ್ಟೆಲ್ಲ ಸತ್ತ ಮಗಳ ಮೇಲೆ ತಿರುಗಿತು. ಅಕ್ಕನ ಮಾತು ಬಂದರೆ "ಕಳ್ಳಿ" ಎನ್ನುತ್ತಿದ್ದಳು. "ಕಳ್ಳಿ, ಕಾಯಿಲೇನೂ ಬಚ್ಚಿಟ್ಟುಕೊಂಡು ಹೋದ್ಲು. ಗಂಡನಿಗೆ ಹೇಳಲಿಲ್ಲ, ಬೇಡ. ಹೆತ್ತವಳಿಗೆ? ನಾನೇನು ಬೀದಿಯವಳಾ ಅವಳಿಗೆ?" ಹೀಗೆ ಬೈದು, ಬೈದದ್ದಕ್ಕೆ ಮತ್ತೆ ಅತ್ತು, ಅಮ್ಮ ಒಂದು ವರ್ಷದಲ್ಲಿ ಅರ್ಧಕ್ಕೆ ಇಳಿದಿದ್ದಳು. ಸತ್ತ ಮಗಳಿಗಾಗಿ ನೆಮ್ಮದಿಯಾಗಿ ಅಳುವುದಕ್ಕೂ ಆಗದ ತಾಯಿಯನ್ನು ದಿನಾ ಎದುರಿಗೆ ಇಟ್ಟುಕೊಂಡು ಊಟ ಮಾಡುವುದು ಎಂಥ ಸಂಕಟವೋ ಅದು ಮಾಡಿದವರಿಗೇ ಗೊತ್ತು.

ತಂಗಿಗೆ ಬೇರೆ ವಿಷಯ ತಿಳಿದಿತ್ತು. ಸಾಯುವ ಮೊದಲಿನ ಚಳಿಗಾಲದಲ್ಲಿ ಅಕ್ಕ ಒಮ್ಮೆ ಫೋನಿನಲ್ಲಿ ಹೇಳಿದ್ದಳು, ಬೆನ್ನು ನೋಯ್ತಿದೆ ಎಂದು. ಡಾಕ್ಟರಿಗೆ ತೋರಿಸು ಎಂದಾಗ, "ಇವರಿಗೆ ಹೇಳಿದೀನಿ ಕಣೆ, ಪುರುಸೊತ್ತಾದಾಗ ಕರ್ಕೊಂಡು ಹೋಗ್ತಾರಂತೆ, ಅಮ್ಮನಿಗೆ ಹೇಳಿ ಸುಮ್ಮನೆ ಗಾಬರಿ ಮಾಡಬೇಡ," ಎಂದು ಮಾತು ತೇಲಿಸಿದ್ದಳು. ಸಾವಿನ ಮನೆಯಲ್ಲಿ ಅವಳು ಇದನ್ನು ಅಮ್ಮನಿಗೆ ಹೇಳಿಬಿಟ್ಟಳು. ಅಮ್ಮ ಕೇಳಿಸಿಕೊಳ್ಳಲಿಲ್ಲ. "ನಿನಗೆ ಅವರನ್ನ ಕಂಡರೆ ಮೊದಲಿಂದ ಆಗಲ್ಲ. ಹೆಂಡತಿ ಸತ್ತು ಗೋಳಾಡ್ತಿರೋ ಮನುಷ್ಯನ ತಲೆಗೆ ಕಟ್ಟಬೇಡ," ಎಂದು ಬಾಯಿ ಮುಚ್ಚಿಸಿದಳು. ಭಾವನ ಬಾಯಿಂದಲೇ ಬರಬೇಕಿತ್ತು ಆ ಮಾತು. ಬೇರೆ ಯಾರು ಹೇಳಿದರೂ ಅದು ಅಮ್ಮನ ಕಿವಿಗೆ ಇಳಿಯುತ್ತಿರಲಿಲ್ಲ.

ಭಾವ ಫೋನ್ ಮಾಡಿ, ಕತ್ತು ಹಿಡಿದುಕೊಂಡಿದೆ, ನಿನ್ನ ಹತ್ತಿರ ಬರಲಾ ಎಂದಾಗ ಅವಳು ಮೊದಲು ಬೇಡವೆಂದೇ ಹೇಳಬೇಕೆಂದಿದ್ದಳು. ಅವನು ಊಟ ಮಾಡಿದ ತಟ್ಟೆ ಮುಟ್ಟಲು ಅಸಹ್ಯ ಪಡುವವಳು ಅವನ ಮೈ ಹೇಗೆ ಮುಟ್ಟಿಯಾಳು. ಆಮೇಲೆ ಗುರುಗಳ ಮಾತು ನೆನಪಾಯಿತು. ಸುಳ್ಳು ಹೇಳಿದ ಗಂಟಲಿನ ಸುತ್ತಲೇ ಪೊರೆ ಕಲ್ಲಾಗಿದೆ. ಬಿಡಿಸಿದರೆ ಏನು ಬರಬಹುದು, ಯಾರು ಬಲ್ಲರು. "ಬನ್ನಿ ಭಾವ," ಎಂದಳು.

ಮೊದಲ ದಿನ ಏನೂ ಬರಲಿಲ್ಲ. ತಲೆಬುಡದಲ್ಲಿ ಬೆರಳಿಟ್ಟು ಕಾದಳು. ಹೆಗಲಿನ ಮೇಲೆ ಅಂಗೈ ಊರಿ ಕಾದಳು. ಅವನ ಹೆಗಲಿನ ಮೇಲೆ ಎರಡು ಉದ್ದನೆಯ ಕೂದಲು, ಒಂದು ಕಪ್ಪು ಗಂಟಿನಂಥ ಮಚ್ಚೆ, ಅದರ ಸುತ್ತ ಸಿಪ್ಪೆ ಏಳುತ್ತಿದ್ದ ಚರ್ಮ. ಕೈ ಕದಲಿಸುವಂತಿಲ್ಲವಾದ್ದರಿಂದ ಅವಳು ಅದನ್ನೇ ನೋಡುತ್ತ ಕೂರಬೇಕಾಯಿತು. ಭಾವನ ಹೊಟ್ಟೆ ಗುಡುಗುಡು ಎಂದಿತು, ಒಮ್ಮೆ ತೇಗಿದ. ಈರುಳ್ಳಿಯ ವಾಸನೆ ನೇರವಾಗಿ ಅವಳ ಮುಖಕ್ಕೆ ಬಂತು. ಅವನು ಹೋದ ಮೇಲೆ ಅವಳು ಉಗುರಿಗೆ ಬ್ರಷ್ ಹಾಕಿ ತಿಕ್ಕಿ, ಮೊಣಕೈವರೆಗೂ ಸೋಪು ಹಚ್ಚಿದಳು. ರಾತ್ರಿ ಊಟಕ್ಕೆ ಕೂತಾಗ ಬೆರಳು ಬಾಯಿಯ ಹತ್ತಿರ ಬಂದದ್ದೇ ತಡ, ಅದೇ ವಾಸನೆ ಬಂದಂತಾಗಿ ಚಮಚ ತರಿಸಿಕೊಂಡಳು.

"ಪಾಪ, ಒಬ್ಬರೇ ಇರ್ತಾರೆ. ನೋಡಿಕೊಳ್ಳೋರು ಯಾರು," ಎಂದಳು ಅಮ್ಮ ಚಮಚ ಕೊಡುತ್ತ. "ನೀನೇನು ಕಡಿಮೆ ಆಗಿಹೋಗ್ತೀಯಾ ಒಂಚೂರು ನಕ್ಕೊಂಡು ಮಾತಾಡಿದ್ರೆ?"

ಎರಡನೆಯ ಸಲ ಬರುವ ಹೊತ್ತಿಗೆ ಭಾವನಿಗೆ ಗುಣ ಕಂಡಿತ್ತು. ಮೆಟ್ಟಿಲು ಹತ್ತುವಾಗಲೇ ಅವನ ದನಿ ಕೇಳಿಸಿತು, ಟೈರ್ ಅಂಗಡಿಯವನಿಗೆ ಬಣ್ಣಿಸುತ್ತಿದ್ದ. ರಾತ್ರಿ ಗಡದ್ದು ನಿದ್ದೆಯಂತೆ. ತಲೆಯ ಹಿಂದೆ ಮೊಳೆ ಹೊಡೆದಂತಿದ್ದ ನೋವು ಹೋಗಿದೆಯಂತೆ. ಕೈ ಜೋಮು ಹಿಡಿಯುತ್ತಿದ್ದದ್ದೂ ನಿಂತಿದೆಯಂತೆ. ಈ ಚಿಕಿತ್ಸೆಯಿಂದ ಏನೇನು ಒಳ್ಳೆಯದಾಗಬೇಕೋ ಅದೆಲ್ಲವೂ ಒಂದೂ ತಪ್ಪದೆ ಭಾವನಿಗೆ ಆಗುತ್ತಿತ್ತು. ಎಷ್ಟೋ ಒಳ್ಳೆಯವರ ಮೈ ತಿಂಗಳುಗಟ್ಟಲೆ ಒಪ್ಪದೆ ಕಾಡಿಸುತ್ತದೆ. ಈ ಮನುಷ್ಯನ ಮೈ ಕೈ ಇಟ್ಟಲ್ಲೆಲ್ಲ ಕೃತಜ್ಞತೆಯಿಂದ ಸಡಿಲವಾಗುತ್ತಿತ್ತು. ಅವನಿಗೆ ಒಳ್ಳೆಯದು ಮಾಡುತ್ತಿರುವ ತನ್ನ ಕೈಯ ಮೇಲೆಯೇ ಅವಳಿಗೆ ಹೇಸಿಗೆ ಹುಟ್ಟಿತು.

ಆವತ್ತು ಬೆನ್ನು. ಕವುಚಿ ಮಲಗಿದ್ದ ಭಾವನ ಬಾಯಿಂದ ಜೊಲ್ಲು, ಮುಖ ಇಡಲು ಮೇಜಿನಲ್ಲಿ ಕೊರೆದ ರಂಧ್ರದ ಮೂಲಕ ನೆಲಕ್ಕೆ ತೊಟ್ಟಿಕ್ಕಿತು. ಅವಳ ಚಪ್ಪಲಿಯ ಪಕ್ಕಕ್ಕೇ ಬಿತ್ತು. ಬೆನ್ನಿನ ಮಧ್ಯದಲ್ಲಿ ಒಂದು ಗಟ್ಟಿ ಪಟ್ಟಿ ಅವಳ ಅಂಗೈ ಕೆಳಗೆ ಮೆತ್ತಗಾಗಿ ಹರಡಿದಾಗ ಅವಳು ಉಸಿರು ಬಿಗಿ ಹಿಡಿದಳು. ಬರಬಹುದು, ಈಗ ಬರಬಹುದು. ಭಾವ ಗೊರಕೆ ಹೊಡೆದ.

ಚಹಾ ಕುಡಿಯುವಾಗ ಅಮ್ಮ ಎಂದಿನಂತೆ ಶುರು ಮಾಡಿದಳು. "ನಿಮ್ಮ ಹಾಗೆ ಬಾಯಿಬಿಟ್ಟು ನೋವು ಅಂತ ಅಂದಿದ್ದರೆ ಅವಳೂ ಉಳ್ಕೊತಿದ್ದಳು. ಅವಳಿಗೆ ಅಷ್ಟು ಬುದ್ಧಿ ಎಲ್ಲಿತ್ತು."

ಭಾವ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. ಅದು ಅರ್ಧ ಮುರಿದು ಒಳಗೆ ಬಿತ್ತು. ಬೆರಳು ಹಾಕಿ ತೆಗೆದು ಬಾಯಿಗಿಟ್ಟು, ನಿಟ್ಟುಸಿರು ಬಿಟ್ಟ. "ಏನು ಮಾಡೋದು ಅತ್ತೆ. ಅವಳ ಸ್ವಭಾವವೇ ಹಾಗೆ. ಬಾಯಿಗೆ ಬೀಗ."

ಅವಳು ಎದ್ದು ಸಿಂಕಿನ ಹತ್ತಿರ ಹೋಗಿ ನಲ್ಲಿ ಬಿಟ್ಟಳು. ತೊಳೆಯಲು ಏನೂ ಇರಲಿಲ್ಲ. ಇನ್ನೊಂದು ಸಲ ಸಾಕು, ಮುಂದೆ ಕತ್ತಿನ ಮುಂಭಾಗ, ಗಂಟಲಿನ ಪಕ್ಕ, ಅಲ್ಲಿಯೇ ಇದೆ ಅದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೂರನೆಯ ಸಲ ಅವಳು ತಯಾರಿ ಮಾಡಿಕೊಂಡೇ ಕೂತಿದ್ದಳು. ಅಡುಗೆಮನೆಯ ಬಾಗಿಲನ್ನು ಪೂರ್ತಿ ತೆರೆದು, ಮುಚ್ಚದಂತೆ ಕಲ್ಲು ಇಟ್ಟಳು. ಅಮ್ಮ ರೇಡಿಯೋ ಹಾಕಲು ಹೋದಾಗ, ಭಾವನಿಗೆ ಗಲಾಟೆ ಆಗಲ್ಲ ಎಂದು ನಿಲ್ಲಿಸಿದಳು. ಅಳಿಯನ ಹೆಸರು ಹೇಳಿದ್ದರಿಂದ ಅಮ್ಮ ಮರುಮಾತಾಡಲಿಲ್ಲ. ಕೆಳಗೆ ಟೈರ್ ಅಂಗಡಿಯವನೂ ಊಟಕ್ಕೆ ಹೋಗಿದ್ದ. ಮಹಡಿಯಲ್ಲಿ ಸದ್ದೇ ಇರಲಿಲ್ಲ.

"ಮೊದಲು ಬಲಗಡೆ, ಆಮೇಲೆ ಎಡಗಡೆ," ಎಂದಳು. "ಎರಡೂ ಕಡೆ ಮಾಡದಿದ್ರೆ ತಲೆ ಒಂದೇ ಕಡೆಗೆ ಎಳೆಯುತ್ತೆ. ಮಾತಾಡಬೇಕು ಅನ್ನಿಸಿದ್ರೆ ಮಾತಾಡಿ. ತಡೀಬೇಡಿ."

"ನಾನೇನು ಮಾತಾಡ್ಲಿ. ನೀನು ಮಾಡು," ಎಂದು ಭಾವ ಕಣ್ಣು ಮುಚ್ಚಿದ.

ಕತ್ತಿನ ಮುಂಭಾಗ ಮಾಡುವಾಗ ಮುಖ ಹತ್ತಿರ ಬರುತ್ತದೆ, ಬೇರೆ ದಾರಿಯಿಲ್ಲ. ಅವಳ ಬೆರಳುಗಳು ಅವನ ಕೊರಳೆಲುಬಿನ ಮೇಲಿನ ಹಳ್ಳದಲ್ಲಿ ಇಳಿದವು. ಅಲ್ಲಿ ಬೆವರು ನಿಂತಿತ್ತು. ನೆಟ್ಟಗೆ ಬೋಳಿಸದ ಗಡ್ಡದ ಬೇರು ಮುಳ್ಳುಮುಳ್ಳಾಗಿ ಮಣಿಕಟ್ಟಿಗೆ ಚುಚ್ಚಿತು. ಮೂಗಿನ ಹೊಳ್ಳೆಯ ಕೂದಲು ಉಸಿರಿನ ಜೊತೆ ಒಳಗೆ ಹೋಗಿ ಹೊರಗೆ ಬರುವುದು ಕಾಣುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಹಲ್ಲಿನ ಸಂದಿಯಲ್ಲಿ ಮಧ್ಯಾಹ್ನದ ಊಟ ಇನ್ನೂ ಇತ್ತು. ಅಸಹ್ಯ ಕೈಗೆ ಇಳಿದರೆ ಕೈ ಗಟ್ಟಿಯಾಗುತ್ತದೆ, ಕೈ ಗಟ್ಟಿಯಾದರೆ ಪೊರೆ ಬಿಡುವುದಿಲ್ಲ. ಹೀಗಾಗಿ ತನ್ನ ಬೆರಳುಗಳನ್ನು ಅವಳು ಬಲವಂತವಾಗಿ ಮೆತ್ತಗೆ ಇಟ್ಟಳು, ಪ್ರೀತಿಯವರ ಕತ್ತು ಹಿಡಿದಂತೆ. ಅವಳ ಇಡೀ ಕಸುಬಿನಲ್ಲಿ ಅದಕ್ಕಿಂತ ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ.

ಕಾದಳು. ಬೆರಳ ಕೆಳಗೆ ತಂತಿಯ ಹಾಗೆ ಬಿಗಿದಿದ್ದದ್ದು ಮೊದಲು ನಡುಗಿತು. ಆಮೇಲೆ ಬಿಸಿಯಾಯಿತು. ಆಮೇಲೆ ಒಂದೇ ಸಲಕ್ಕೆ ಬಿಟ್ಟಿತು. ಕತ್ತಿನ ಬಲಗಡೆಯೆಲ್ಲ ಸಡಿಲವಾಗಿ ಅವಳ ಕೈಗೆ ಭಾರವಾಗಿ ಬಂತು. ಭಾವ ಬಾಯಿ ಬಿಟ್ಟು ದೀರ್ಘವಾಗಿ ಉಸಿರು ಹೊರಹಾಕಿದ. ಅವನ ಬಲಗಣ್ಣಿನಿಂದ ನೀರು ಹೊರಟು ಕಿವಿಯತ್ತ ಇಳಿಯಿತು.

ಗುರುಗಳು ಹೇಳಿಕೊಟ್ಟ ಹಾಗೆಯೇ, ಕೈ ತೆಗೆಯದೆ, ಮೆಲ್ಲಗೆ ಕೇಳಿದಳು. "ಏನಾದ್ರೂ ನೆನಪಾಗ್ತಿದೆಯಾ ಭಾವ?"

"ಹೂಂ." ಅವನ ದನಿ ನಿದ್ದೆಯ ಅಂಚಿನಲ್ಲಿತ್ತು. "ನಿಮ್ಮಕ್ಕ ನೆನಪಾದ್ಲು."

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು.

"ಏನು ನೆನಪಾಯ್ತು?"

"ಇದೇ. ಬೆನ್ನು ಒತ್ತಿಕೊಡಿ ಅಂತ ಪ್ರಾಣ ತಿನ್ನೋಳು. ಆ ಚಳಿಗಾಲ ಪೂರ್ತಿ. ಇಲ್ಲಿ ನೋವು, ಇಲ್ಲಿ ಹಿಡ್ಕೊಂಡಿದೆ, ಡಾಕ್ಟರ ಹತ್ರ ಹೋಗೋಣ. ದಿನಾ ಒಂದೇ ರಾಗ. ನನಗೂ ದುಡಿದು ಸಾಕಾಗಿರುತ್ತಲ್ವಾ? ದಿಂಬು ತಗೊಂಡು ಹಾಲಿಗೆ ಬಂದು ಮಲಕ್ಕೊಂಡುಬಿಡ್ತಿದ್ದೆ." ಸಣ್ಣಗೆ ನಕ್ಕ. "ಇದು ಇಷ್ಟು ಹಾಯಾಗಿರುತ್ತೆ ಅಂತ ಆವಾಗಲೇ ಗೊತ್ತಿದ್ದರೆ ನಿನ್ನ ಹತ್ರ ಕಳಿಸಿಬಿಡ್ತಿದ್ದೆ ನೋಡು. ನನಗೂ ಕಾಟ ತಪ್ತಿತ್ತು."

ಅವಳು ಅವನ ಮುಖ ನೋಡಿದಳು. ಅದರಲ್ಲಿ ಏನಾದರೂ ಸಿಕ್ಕೀತೆಂದು ನೋಡಿದಳು. ಹಣೆಯಲ್ಲಿ ಗೆರೆಯಿರಲಿಲ್ಲ. ಬೆರಳ ಕೆಳಗೆ ನಾಡಿ ನಿಧಾನವಾಗಿ, ಒಂದೇ ಸಮ ಬಡಿಯುತ್ತಿತ್ತು. ಹೊಟ್ಟೆ ತುಂಬಿದ ಮನುಷ್ಯನ ನಾಡಿ.

"ಮತ್ತೆ ಕಣ್ಣಲ್ಲಿ ನೀರು ಯಾಕೆ ಬಂತು?" ಎಂದಳು. ದನಿ ಬಿರುಸಾಗಿ ಬಂತು.

"ಆಕಳಿಕೆ ತಡ್ಕೊಂಡೆ," ಎಂದ ಭಾವ.

ಇವಳು ಕಾದದ್ದು ಇದಕ್ಕೆ. ಈ ಮನುಷ್ಯನ ಮೈಯಲ್ಲಿ ಅಕ್ಕ ಒಂದು ಗಂಟಾಗಿಯೂ ಇರಲಿಲ್ಲ. ಅವನು ಏನನ್ನೂ ಹಿಡಿದಿಟ್ಟುಕೊಂಡಿರಲಿಲ್ಲ, ಬಚ್ಚಿಟ್ಟಿರಲೂ ಇಲ್ಲ. ಆಸ್ಪತ್ರೆಯಲ್ಲಿ ಬೇಕಾಗಿದ್ದ ಸುಳ್ಳನ್ನು ಆವತ್ತು ಹೇಳಿ, ಆವತ್ತೇ ಮರೆತಿದ್ದ. ಕತ್ತು ಹಿಡಿದದ್ದು ಬರೀ ಕಾರಿನ ಸೀಟಿನಿಂದ. ಅವಳಿಗೆ ಅವನಿಗಿಂತ ತನ್ನ ಮೇಲೆ, ತನ್ನ ಗುರುಗಳ ಮೇಲೆ, ಇಷ್ಟು ದಿನ ಪವಿತ್ರವೆಂದುಕೊಂಡಿದ್ದ ಆ ಬಿಳಿ ಪೊರೆಯ ಮೇಲೆ ಅಸಹ್ಯವಾಯಿತು. ಅದು ಕಳ್ಳನಿಗೂ ಬಿಡುತ್ತದೆ, ಸಾಧುವಿಗೂ ಬಿಡುತ್ತದೆ. ಅದಕ್ಕೆ ಯಾರ ಲೆಕ್ಕವೂ ಗೊತ್ತಿಲ್ಲ.

"ಹೇಳಿದ್ದಳಾ?"

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಳಿಯನಿಗೆ ಮಾಡಿದ ಚಹಾ ಇತ್ತು.

ಭಾವ ಬಾಗಿಲ ಕಡೆ ನೋಡಲು ತಲೆ ಹೊರಳಿಸಿದ. ಬಾಗಿಲಿದ್ದದ್ದು ಬಲಕ್ಕೆ. ತಲೆ ಎಲ್ಲೂ ತಡೆಯದೆ, ಭುಜವನ್ನು ಕರೆಯದೆ, ಪೂರ್ತಿ ತಿರುಗಿತು. ಅವನ ಮುಖ ಅರಳಿಹೋಯಿತು. "ಅರೆ, ನೋಡಿ ಅತ್ತೆ, ತಿರುಗ್ತಿದೆ," ಎಂದ.

"ಅವಳು ನಿಮಗೆ ಹೇಳಿದ್ದಳಾ? ನೋವು ಅಂತ, ಡಾಕ್ಟರ ಹತ್ರ ಹೋಗೋಣ ಅಂತ ಹೇಳಿದ್ದಳಾ?"

ಆಗ ಅವನಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಿತು. ಎದ್ದು ಕೂತ. ಬನಿಯನ್ನನ್ನು ಹೊಟ್ಟೆಯ ಮೇಲೆ ಎಳೆದುಕೊಂಡ. "ಬೆನ್ನುನೋವು ಅಂತ ಅಂದಿದ್ದಳು ಅತ್ತೆ. ಬೆನ್ನುನೋವು ಯಾರಿಗಿಲ್ಲ ಹೇಳಿ. ದೊಡ್ಡ ಕಾಯಿಲೆ ಅಂತ ಅವಳೇನು ಹೇಳಿರಲಿಲ್ಲವಲ್ಲ. ಹಾಗೆ ಅಂದಿದ್ದರೆ ನಾನು ಬಿಡ್ತಿದ್ನಾ?"

ಅಮ್ಮ ಅತ್ತಾಳೆಂದು, ಲೋಟ ಕೈಜಾರೀತೆಂದು ಮಗಳು ಮುಂದೆ ಬಂದಳು. ಅದೇನೂ ಆಗಲಿಲ್ಲ. ಅಮ್ಮ ನಿಧಾನವಾಗಿ ಬಂದು ಕಾಯುವವರ ಕುರ್ಚಿಯಲ್ಲಿ ಕೂತಳು. ಭಾವ ಚಹಾಕ್ಕೆ ಅರ್ಧ ಕೈ ಚಾಚಿದ. ಅಮ್ಮ ಲೋಟವನ್ನು ತನ್ನ ಬಾಯಿಗೆ ಎತ್ತಿ, ಅವನ ಮುಖ ನೋಡುತ್ತಲೇ, ಗುಟುಕು ಗುಟುಕಾಗಿ ಕುಡಿಯತೊಡಗಿದಳು. ಚಾಚಿದ ಕೈಯನ್ನು ಭಾವ ತೊಡೆಯ ಮೇಲೆ ಇಟ್ಟುಕೊಂಡ.

"ಹೇಳಿದ್ದಳು," ಎಂದಳು ಅಮ್ಮ, ಯಾರಿಗೆಂದಿಲ್ಲದೆ. "ನನ್ನ ಮಗಳು ಬಾಯಿಬಿಟ್ಟು ಹೇಳಿದ್ದಳು. ನಾನು ವರ್ಷವೆಲ್ಲ ಅವಳನ್ನ ಬೈದೆ."

ಮಗಳು ಸಿಂಕಿಗೆ ಹೋಗಿ ಕೈ ತೊಳೆದಳು. ಸೋಪು ಹಾಕಿ ಮತ್ತೊಮ್ಮೆ ತೊಳೆದಳು. ಅವಳಿಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಅದು ಬಂದ ರೀತಿ ಮಾತ್ರ, ಯಾರೋ ಉಗಿದದ್ದನ್ನು ಅಂಗೈಯಲ್ಲಿ ಹಿಡಿದುಕೊಂಡಂತಿತ್ತು. "ಶರ್ಟ್ ಹಾಕ್ಕೊಳಿ ಭಾವ," ಎಂದಳು ಬೆನ್ನು ತಿರುಗಿಸಿಯೇ.

ಭಾವ ಶರ್ಟ್ ಕೈಗೆ ತೆಗೆದುಕೊಂಡ. ತೋಳು ತೂರಿಸಲು ಹೋಗಿ ನಿಂತ. ತಲೆಯನ್ನು ಬಲಕ್ಕೆ ತಿರುಗಿಸಿ ನೋಡಿದ, ಸಲೀಸು. ಎಡಕ್ಕೆ ತಿರುಗಿಸಿದ, ಮುಖ ಹಿಂಡಿಕೊಂಡಿತು. ಮತ್ತೊಮ್ಮೆ ಬಲಕ್ಕೆ, ಮತ್ತೊಮ್ಮೆ ಎಡಕ್ಕೆ. ಇಷ್ಟೆಲ್ಲ ಆದಮೇಲೂ ಆ ಮನುಷ್ಯ ತನ್ನ ಕತ್ತನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದ.

"ಅಲ್ಲ, ಎಡಗಡೆ ಹಾಗೇ ಉಳಿಯಿತಲ್ಲ," ಎಂದ ಕ್ಷಮೆ ಕೇಳುವ ದನಿಯಲ್ಲಿ. "ಎರಡೂ ಕಡೆ ಮಾಡಬೇಕು ಅಂತ ನೀನೇ ಅಂದೆ."

"ಇವತ್ತಿಗೆ ಸಾಕು."

"ಸರಿ ಬಿಡು. ನಿಮ್ಮಿಬ್ಬರ ಮನಸ್ಸು ಈಗ ಸರಿಯಿಲ್ಲ, ಅರ್ಥ ಆಗುತ್ತೆ. ಮುಂದಿನ ವಾರ ಬರ್ತೀನಿ."

ಅವಳು ತಿರುಗಿ ನಿಂತಳು. ಬಾಯಿ ತುಂಬ ಬೈಗುಳ ಬಂದಿತ್ತು, ಯಾವುದನ್ನು ಮೊದಲು ಹೊರಗೆ ಬಿಡುವುದೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಅಮ್ಮ ಖಾಲಿ ಲೋಟವನ್ನು ನೆಲದ ಮೇಲೆ ಇಟ್ಟಳು.

"ಪೂರ್ತಿ ಮಾಡಿ ಕಳಿಸು," ಎಂದಳು ಮಗಳಿಗೆ.

"ಅಮ್ಮ?"

"ಎಡಗಡೇನೂ ಮಾಡಿ ಮುಗಿಸು. ಅರ್ಧಕ್ಕೆ ಬಿಟ್ಟರೆ ಮತ್ತೆ ಬರ್ತಾನೆ."

ಭಾವ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ, ಶರ್ಟನ್ನು ನೆಲಕ್ಕೆ ಹಾಕಿದ, ತಾನಾಗಿಯೇ ಮೇಜಿನ ಮೇಲೆ ಮಲಗಿದ. ಅವಳು ಕೈ ಒರೆಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತಳು. ಬೆರಳುಗಳನ್ನು ಅವನ ಕತ್ತಿನ ಎಡಗಡೆಗೆ, ಕೊರಳೆಲುಬಿನ ಮೇಲಿನ ಬೆವರಿಗೆ ಇಳಿಸಿದಳು. ಮತ್ತೆ ಕೈಯನ್ನು ಮೆತ್ತಗೆ ಮಾಡಿಕೊಂಡಳು, ಮತ್ತೆ ಕಾದಳು. ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮುಗಿಯುವ ತನಕ ಅಲ್ಲಿಂದ ಕದಲಲಿಲ್ಲ. ಎಡಗಡೆ ಬಲಗಡೆಗಿಂತ ಬೇಗ ಬಿಟ್ಟಿತು.